ಮನೆಯಾಟ ನೋಡುತ್ತಿದ್ದಾಕೆ

ನನ್ನ ಕೈಯಲ್ಲಿದ್ದ ಹುಣಸೆ ಬರಲನ್ನು ಕಿತ್ತುಕೊಂಡು, ಮಂಡಿಗೆ ಕೊಟ್ಟು ಮುರಿದು, ಎರಡೂ ತುಂಡುಗಳನ್ನು ನನ್ನ ಮೇಜಿನ ಮೇಲಿಟ್ಟು ಹೋದ ಹೆಂಗಸಿನ ಬಗ್ಗೆ ಬರೆಯುತ್ತಿದ್ದೇನೆ. ಆಗ ನನಗೆ ಇಪ್ಪತ್ತಾರು ವರ್ಷ. ಮೇಷ್ಟ್ರ ಕೆಲಸ ಸಿಕ್ಕಿ ಆರು ತಿಂಗಳಾಗಿತ್ತು. ಮಧುಗಿರಿಯಿಂದ ಕೊರಟಗೆರೆಗೆ ಹೋಗುವ ಹಾದಿಯಲ್ಲಿ ಬಸ್ಸಿಳಿದು ಎರಡು ಕಿಲೋಮೀಟರ್ ನಡೆದರೆ ನಮ್ಮ ಶಾಲೆ. ಎರಡು ಕೋಣೆ ಶಾಲೆಗೆ, ಒಂದು ಕೋಣೆ ಅಂಗನವಾಡಿಗೆ. ನನ್ನ ಒಂದನೇ ತರಗತಿಗೂ ಅಂಗನವಾಡಿಗೂ ನಡುವೆ ಇದ್ದ ಗೋಡೆಯಲ್ಲಿ ಬಾಗಿಲಿಲ್ಲದ ಒಂದು ಕಿಟಕಿ, ಬರೀ ಸರಳು. ಆ ಕಿಟಕಿ ಇಲ್ಲದಿದ್ದರೆ ಈ ಬರಹವೂ ಇರುತ್ತಿರಲಿಲ್ಲ.

ಬರಲು ಮುರಿದದ್ದು ಹಾಲಿನ ದೆಸೆಯಿಂದ. ಬೆಳಿಗ್ಗೆ ಮಕ್ಕಳಿಗೆ ಹಾಲು ಕೊಡುವಾಗ ಲೋಟ ಸಾಲದೆ ಒಬ್ಬ ಹುಡುಗನಿಗೆ ಅಗಲವಾದ ಬಟ್ಟಲಿನಲ್ಲಿ ಕೊಟ್ಟಿದ್ದೆ. ತನಗೆ ಕಡಿಮೆ ಬಂತೆಂದು ಅವನು ಅಳಲು ಶುರುಮಾಡಿದ. ಅವನ ಕಣ್ಣೆದುರೇ ಆ ಹಾಲನ್ನು ಉದ್ದನೆಯ ಲೋಟಕ್ಕೆ ಸುರಿದು, ಈಗ ಹೇಳು, ಅದೇ ಹಾಲು ತಾನೇ ಎಂದು ಕೇಳಿದೆ. ಅವನು ಮೂಗು ಒರೆಸಿಕೊಂಡು ನಕ್ಕು, ಈಗ ಜಾಸ್ತಿ ಆಯ್ತು ಎಂದ. ನನ್ನನ್ನು ಆಡಿಕೊಳ್ಳುತ್ತಿದ್ದಾನೆ ಎನ್ನಿಸಿತು. ಮೀನಖಂಡಕ್ಕೆ ಬಾರಿಸಿದೆ. ನಿಜ ಹೇಳುವವರೆಗೆ ಬಿಡುವುದಿಲ್ಲವೆಂದು ಮತ್ತೆ ಮತ್ತೆ ಬಾರಿಸಿದೆ. ಬಾಸುಂಡೆ ಎದ್ದು, ಒಂದು ಕಡೆ ಚರ್ಮ ಕಿತ್ತು ರಕ್ತ ಜಿನುಗಿತು. ಅವನು ಪ್ರತಿ ಏಟಿಗೂ ಜಾಸ್ತಿ, ಜಾಸ್ತಿ ಎಂದೇ ಅಳುತ್ತಿದ್ದ.

ಪಕ್ಕದ ಕೋಣೆಯಿಂದ, ಅಂಗನವಾಡಿ ನಡೆಸುತ್ತಿದ್ದ ಆಕೆ ಬಂದರು. ಎತ್ತರದ ಆಳು, ದಪ್ಪ ಕೈ, ಎಡಗೈ ಮೇಲೆ ಹಲ್ಲಿನ ಗುರುತಿದ್ದ ಹಳೆಯ ಗಾಯದ ಕಲೆ. ಊರಿಗೆಲ್ಲ ಅಕ್ಕ, ನನಗೂ ಅಕ್ಕ. ಬರಲು ಮುರಿದಿಟ್ಟು ಹೇಳಿದರು.

"ಸುಳ್ಳು ಹೇಳ್ತಾವ್ನೆ ಅಂದ್ಕಂಡ್ರಾ ಮೇಷ್ಟ್ರೇ? ಅವನ ಕಣ್ಣಿಗೆ ಜಾಸ್ತೀನೇ ಕಾಣ್ತೈತೆ. ಇನ್ನೆರಡು ವರ್ಷ ಬುಟ್ಟು ಕೇಳಿ, ಎಲ್ಡೂ ಒಂದೇ ಅಂತ ಅವನೇ ಹೇಳ್ತಾನೆ. ಅಲ್ಲೀಗಂಟ ಹೊಡೀತಾನೇ ಇರ್ತೀರಾ?"

ನನಗೆ ಅವಮಾನವಾಯಿತು. ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಎರಡನೇ ಸಲಕ್ಕೆ ಪಾಸಾದದ್ದು, ಈ ಹೆಂಗಸು ನನಗೆ ಪಾಠ ಹೇಳಿಕೊಡುವುದೇ ಎಂದು ತಿಂಗಳುಗಟ್ಟಲೆ ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೆ ಕೊರಟಗೆರೆಯಲ್ಲಿ ನಮಗೊಂದು ತರಬೇತಿ ನಡೆಯಿತು. ಪರದೆಯ ಮೇಲೆ ಎರಡು ಲೋಟದ ಚಿತ್ರ ಹಾಕಿ, ಆ ವಯಸ್ಸಿನ ಮಗು ಎತ್ತರವನ್ನಷ್ಟೇ ನೋಡುತ್ತದೆ, ಅಳತೆಯ ಕಲ್ಪನೆ ಬರುವುದು ಆಮೇಲೆ ಎಂದು ಒಬ್ಬರು ಮುಕ್ಕಾಲು ಗಂಟೆ ವಿವರಿಸಿದರು. ನಾನು ಊಟದ ಹೊತ್ತಿನಲ್ಲಿ ತಟ್ಟೆ ಹಿಡಿದು ಒಬ್ಬನೇ ಹೊರಗೆ ನಿಂತಿದ್ದೆ. ಎರಡು ವರ್ಷದ ಮೇಲೆ ಅದೇ ಹುಡುಗನನ್ನು ಕರೆದು ಅದೇ ಬಟ್ಟಲು, ಅದೇ ಲೋಟ ಇಟ್ಟು ಕೇಳಿದೆ. ಎರಡೂ ಒಂದೇ ಅಲ್ವಾ ಸಾರ್, ಇದನ್ನೇನು ಕೇಳ್ತೀರಾ ಎಂದ. ಅವನ ಮೀನಖಂಡದ ಮೇಲೆ ಗೆರೆ ಹಾಗೇ ಇತ್ತು.

ಅಕ್ಕನ ಅಂಗನವಾಡಿಯಲ್ಲಿ ದಿನಾ ಹತ್ತೂವರೆಯಿಂದ ಒಂದು ಗಂಟೆ ಹೊತ್ತು ಮನೆಯಾಟ. ಸೊಟ್ಟ ಪಾತ್ರೆಗಳು, ಒಂದು ಹಳೇ ಸೀರೆಯ ತುಂಡು, ಖಾಲಿ ಬಾಟಲಿ, ಒಂಟಿ ಚಪ್ಪಲಿ, ಕೂದಲು ಅರ್ಧ ಉದುರಿದ ಒಂದು ಗೊಂಬೆ, ಇಷ್ಟನ್ನು ನೆಲಕ್ಕೆ ಸುರಿದು ಆಕೆ ಮೂಲೆಯಲ್ಲಿ ಬೀನ್ಸ್ ಬಿಡಿಸುತ್ತ ಕೂರುತ್ತಿದ್ದರು. ನೋಡುತ್ತಿಲ್ಲ ಎಂಬಂತೆ ನೋಡುತ್ತಿದ್ದರು. ನಾನು ಏನಾದರೂ ಕೇಳಲು ಹೋದರೆ ಕೈಯೆತ್ತಿ ತಡೆಯುವರು. ಮನೆಮನೆಗೆ ಹೋಗಿ ನೋಡಿ ಅಂತಾರೆ ಮೇಲಿನೋರು, ಮನೆಗಳೇ ಇಲ್ಲಿಗೆ ಬರ್ತವಲ್ಲ ಎನ್ನುವರು.

ನಿಜವಾಗಿಯೂ ಬರುತ್ತಿದ್ದವು. ಮೂರೂವರೆ ವರ್ಷದವನು ಸೊಂಟಕ್ಕೆ ಟವೆಲ್ ಸುತ್ತಿ ತೂರಾಡುತ್ತ ಬಂದು ಪಾತ್ರೆ ಒದೆಯುತ್ತಿದ್ದ. ಇನ್ನೊಬ್ಬಳು ಚಪ್ಪಲಿ ಎತ್ತುವ ಮೊದಲೇ ಕೆನ್ನೆ ಮುಚ್ಚಿಕೊಂಡು ಗೋಡೆಗೆ ಒತ್ತಿ ನಿಲ್ಲುತ್ತಿದ್ದಳು. ಹೊಡೆದು ಮುಗಿಸಿದವನು ಆಮೇಲೆ ಬೋಂಡ ತಂದು ಕೊಡುತ್ತಿದ್ದ, ಹೊಡೆಸಿಕೊಂಡವಳು ಅದನ್ನು ತಿನ್ನುತ್ತಿದ್ದಳು. ಆ ಆಟದಲ್ಲಿ ಯಾರೂ ಅಳುತ್ತಿರಲಿಲ್ಲ. ಅಪ್ಪ ಅಂದರೆ ಇದು, ಅಮ್ಮ ಅಂದರೆ ಇದು ಎಂದು ತಿಳಿದುಕೊಂಡದ್ದನ್ನು ಅವರು ಒಪ್ಪಿಸುತ್ತಿದ್ದರು. ಗಲಾಟೆ ಹೆಚ್ಚಾದರೆ ನಾನು ಕಿಟಕಿಯಿಂದ ಗದರುತ್ತಿದ್ದೆ. ಅಕ್ಕ ಮಾತ್ರ ಸಂಜೆ ಯಾವ ಮನೆಯ ಕಡೆ ಹೆಜ್ಜೆ ಹಾಕಬೇಕೋ ಆ ಮನೆಗೆ ಹೋಗಿ, ಜಗಲಿಯಲ್ಲಿ ಕೂತು, ಆ ಗಂಡಸಿಗೆ ಕೇಳುವಂತೆ ಊರ ಮಾತೆಲ್ಲ ಆಡಿ ಬರುತ್ತಿದ್ದರು.

ಈ ವಿದ್ಯೆ ಆಕೆಗೆ ಬಂದದ್ದು ಸ್ವಂತ ಮನೆಯಿಂದಲೇ. ಏಳು ವರ್ಷ ಗಂಡನ ಕೈಲಿ ಒದೆ ತಿಂದವರು. ಕೈ ಮೇಲಿನ ಹಲ್ಲಿನ ಗುರುತು ಅವನದೇ. ಒಂದು ದಿನ ಮೂರು ವರ್ಷದ ಮಗಳು ದಿಂಬನ್ನು ಗೋಡೆಗೆ ಒರಗಿಸಿ ಒದೆಯುತ್ತಿದ್ದಳಂತೆ, ಅಪ್ಪನ ಬೈಗುಳ ಒಂದಕ್ಷರ ಬಿಡದೆ ಬೈಯುತ್ತ. ಒದ್ದು ಸಾಕಾದ ಮೇಲೆ ದಿಂಬಿಗೆ ನೀರು ಕುಡಿಸಿದಳಂತೆ. ಅವತ್ತು ಸಂಜೆ ಗಂಡ ಕೈಯೆತ್ತಿದಾಗ ಅಕ್ಕ ಒಲೆಯ ಪಕ್ಕದ ಸೌದೆ ತೆಗೆದು ಅವನ ಮಣಿಕಟ್ಟಿಗೆ ಹೊಡೆದರು. ಮೂಳೆ ಮುರಿದ ಸದ್ದು ಮಗಳಿಗೂ ಕೇಳಿಸಿತು. ಅವನು ಊರು ಬಿಟ್ಟು ಸಿರಾಕ್ಕೆ ಹೋಗಿ ಪಂಕ್ಚರ್ ಅಂಗಡಿ ಇಟ್ಟುಕೊಂಡ. ಇದನ್ನು ಆಕೆ ಹೇಳುವಾಗ ಹೆಮ್ಮೆಯೇನೂ ಇರುತ್ತಿರಲಿಲ್ಲ. ಮಗಳ ಲೋಕದಲ್ಲಿ ಅಪ್ಪ ಅಂದ್ರೆ ಒದೆಯೋದು ಅಂತ ಆಗೋಗಿತ್ತು, ಅಮ್ಮ ಅಂದ್ರೆ ದಿಂಬು ಅಂತ ಆಗೋದು ನಂಗೆ ಬೇಡವಾಗಿತ್ತು ಎಂದಷ್ಟೇ ಹೇಳುವರು.

ಯಾರದೋ ಮನೆಯ ಬಾಡೂಟವಾದ ಮರುದಿನ ಅಂಗನವಾಡಿಯಲ್ಲಿ ಒಬ್ಬ ಹುಡುಗ ಇನ್ನೊಬ್ಬನ ಕತ್ತನ್ನು ಇಟ್ಟಿಗೆಯ ಮೇಲಿಟ್ಟು ಸ್ಕೇಲಿನಿಂದ ಮರಿ ಕಡಿಯುತ್ತಿದ್ದ. ಕತ್ತು ಕೆಂಪಾಗಿತ್ತು. ನಾನಾಗಿದ್ದರೆ ಇಬ್ಬರಿಗೂ ನಾಲ್ಕು ಬಿಡುತ್ತಿದ್ದೆ. ಅಕ್ಕ ಸ್ಕೇಲು ತೆಗೆದುಕೊಂಡು, ಕಡಿದ ಮೇಲೆ ಮರಿ ಏನಾಗ್ತದಪ್ಪ ಎಂದು ವಿಚಾರಿಸಿದರು. ಸಾರು ಆಗ್ತದೆ, ಆಮೇಲೆ ನಾಳೆ ಎದ್ದೇಳ್ತದೆ ಎಂದ ಅವನು. ಆ ವಯಸ್ಸಿನ ಮಕ್ಕಳಿಗೆ ಇವತ್ತಲ್ಲದ ದಿನವೆಲ್ಲ ನಾಳೆಯೇ. ಹೋದ ವಾರ ಬಿದ್ದು ಮಂಡಿ ಕೆತ್ತಿಕೊಂಡದ್ದನ್ನೂ ನಾಳೆ ಬಿದ್ದೆ ಎನ್ನುತ್ತವೆ. ಅದು ನನಗೆ ತಮಾಷೆಯಾಗಿ ಕೇಳಿಸಿತ್ತು. ಅಕ್ಕ ಮಾತ್ರ, ಇವಕ್ಕೆ ಸಾವು ಗೊತ್ತಿಲ್ಲ, ಗೊತ್ತಿಲ್ಲದೆ ಯಾರನ್ನಾದರೂ ಕೊಂದುಹಾಕ್ತವೆ ಎಂದರು.

ಅದೇ ವಾರ ಮಕ್ಕಳು ಕಲ್ಲು ಹೊಡೆದು ಒಂದು ಓತಿಕ್ಯಾತವನ್ನು ಕೊಂದಿದ್ದವು. ತಲೆ ಜಜ್ಜಿಹೋಗಿತ್ತು. ಅಕ್ಕ ಅದನ್ನು ಕಾಂಪೌಂಡಿನ ಮೂಲೆಯಲ್ಲಿ ಬಾಣಲಿಯ ಕೆಳಗೆ ಮುಚ್ಚಿಟ್ಟು, ದಿನಕ್ಕೊಂದು ಸಲ ಮಕ್ಕಳನ್ನು ಕರೆದುಕೊಂಡು ಹೋಗಿ ಬಾಣಲಿ ಎತ್ತಿ, ಎದ್ದೈತಾ ನೋಡಿ ಎನ್ನುತ್ತಿದ್ದರು. ಮೊದಲ ದಿನ ಮಲಗಿದೆ ಎಂದವು. ಎರಡನೇ ದಿನ ಇರುವೆ. ಮೂರನೇ ದಿನ ವಾಸನೆ. ನಾಲ್ಕನೇ ದಿನ ಮೊದಲ ಕಲ್ಲು ಹೊಡೆದ ಹುಡುಗ ಬಾಣಲಿ ಎತ್ತುವ ಮೊದಲೇ ಅಳತೊಡಗಿದ. ಇನ್ನು ಏಳಲ್ಲ ಎಂದ. ಅಕ್ಕ ಅವನನ್ನು ಎತ್ತಿಕೊಂಡು ಅರ್ಧ ಗಂಟೆ ಅಲ್ಲೇ ಓಡಾಡಿದರು. ಮಕ್ಕಳಿಗೆ ಹೆಣ ತೋರಿಸುತ್ತಾಳೆಂದು ಊರಿನವರು ದೂರು ಕೊಟ್ಟರು, ಆಕೆಗೆ ನೋಟಿಸ್ ಬಂತು, ಆಕೆ ಅದರ ಹಿಂಬದಿಯಲ್ಲಿ ಮಕ್ಕಳಿಗೆ ಕೋಳಿ ಚಿತ್ರ ಬರೆಸಿದರು.

ಇಷ್ಟು ಚೆನ್ನಾಗಿ ಮಕ್ಕಳನ್ನು ಓದಬಲ್ಲ ಹೆಂಗಸು ಒಂದು ಸಲ ತಪ್ಪಿದರು. ತಪ್ಪಿದ್ದು ಆಕೆಯೊಬ್ಬರೇ ಅಲ್ಲ.

ಪುಟ್ಟಿ ಎಂದು ಎಲ್ಲರೂ ಕರೆಯುತ್ತಿದ್ದ ನಾಲ್ಕು ವರ್ಷದ ಹುಡುಗಿ. ಅಪ್ಪನಿಗೆ ಟ್ರ್ಯಾಕ್ಟರ್ ಇತ್ತು, ಅವನ ಅಣ್ಣ ನಮ್ಮ ಶಾಲೆಯ ಸಮಿತಿಗೆ ಅಧ್ಯಕ್ಷ. ಅಮ್ಮ ಪಾವಗಡದ ಕಡೆಯವಳು, ಕನ್ನಡದ ನಡುವೆ ತೆಲುಗು ಬೆರೆಸಿ ಮೆತ್ತಗೆ ಮಾತಾಡುತ್ತಿದ್ದ ಹೆಣ್ಣು. ಆ ದಿನಗಳಲ್ಲಿ ಪುಟ್ಟಿಯ ಅತ್ತೆ, ಅಂದರೆ ಅಪ್ಪನ ತಂಗಿ, ಬಾಣಂತನಕ್ಕೆ ತವರಿಗೆ ಬಂದಿದ್ದಳು.

ನಾನು ನನ್ನ ಮಕ್ಕಳಿಗೆ ಕೂಡುವ ಲೆಕ್ಕ ಕೊಟ್ಟು ಕಿಟಕಿಯ ಸರಳು ಹಿಡಿದು ನಿಂತಿದ್ದೆ. ಅಕ್ಕ ಒಳಗಿನ ಉಗ್ರಾಣದಲ್ಲಿ ಹಿಟ್ಟು ಅಳೆಯುತ್ತಿದ್ದರು. ಪುಟ್ಟಿ ಗೊಂಬೆಯ ಜುಟ್ಟು ಹಿಡಿದು ದರದರ ಎಳೆದುಕೊಂಡು ಬಂದಳು. ಎರಡು ಸಲ ಗೋಡೆಗೆ ಕುಕ್ಕಿದಳು. ಖಾಲಿ ಬಾಟಲಿಯ ಮುಚ್ಚಳ ತಿರುಗಿಸಿ ತೆಗೆದು ಅದರ ತಲೆ ಮೇಲೆ ಸುರಿದಳು. ಇಷ್ಟಾದ ಮೇಲೆ ತಲೆಯೆತ್ತಿ ಕಿಟಕಿಯತ್ತ ನೋಡಿದಳು. ನನಗೆ ನಗು ಬಂತು. ತಲೆಸ್ನಾನ ಮಾಡಿಸುವ ಭರಾಟೆ ನೋಡಿ ಎಂದು ಅಕ್ಕನನ್ನು ಕೂಗಿದೆ. ಆಕೆ ಹಿಟ್ಟಿನ ಕೈಯಲ್ಲೇ ಬಂದು ನಿಲ್ಲುವಾಗ ಪುಟ್ಟಿ ಗೊಂಬೆಯನ್ನು ಮಲಗಿಸಿ, ಬಾಟಲಿಯಿಂದ ಮತ್ತೊಮ್ಮೆ ಸುರಿದು, ಎಡಗೈಯಲ್ಲಿ ಮೂಗು ಹಿಡಿದುಕೊಂಡು, ಬಲಗೈಯನ್ನು ಗೊಂಬೆಯ ಸುತ್ತ ಆಡಿಸುತ್ತಿದ್ದಳು.

"ಬಾಣಂತಿಗೆ ನೀರು ಹಾಕಿ ಸಾಂಬ್ರಾಣಿ ಹೊಗೆ ಕೊಡ್ತಾವಳೆ ಕಣ್ರೀ ಮೇಷ್ಟ್ರೇ," ಎಂದು ಅಕ್ಕ ನಕ್ಕರು. ನಮ್ಮ ಕಡೆ ಬಾಣಂತಿಯ ಸ್ನಾನವಾದ ಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ತಾಯಿ ಮಗುವಿಗೆ ಹೊಗೆ ಕೊಡುತ್ತಾರೆ, ಮಕ್ಕಳು ಮೂಗು ಮುಚ್ಚಿಕೊಂಡು ಓಡುತ್ತವೆ. ಎಲ್ಲ ಸರಿಯಾಗಿ ಹೊಂದಿತು. ನಾನೂ ನಕ್ಕೆ. ಜುಟ್ಟು ಹಿಡಿದು ಎಳೆದದ್ದನ್ನೂ ಗೋಡೆಗೆ ಕುಕ್ಕಿದ್ದನ್ನೂ ಆಕೆ ನೋಡಿರಲಿಲ್ಲ. ನಾನು ಹೇಳಲಿಲ್ಲ, ಹೇಳುವಂಥದ್ದು ಎಂದು ಅನ್ನಿಸಲೂ ಇಲ್ಲ.

ಮೂರನೇ ದಿನ ಬೆಳಿಗ್ಗೆ ಪುಟ್ಟಿಯ ಅಮ್ಮ ಮೈಯೆಲ್ಲ ಬೆಂಕಿಯಾಗಿ ಬೀದಿಗೆ ಓಡಿ ಬಂದಳು. ಜನ ದೂರ ನಿಂತು ಕೂಗುತ್ತಿದ್ದಾಗ ಅಕ್ಕ ಅಂಗನವಾಡಿಯ ಜಮಖಾನ ಎಳೆದು ತಂದು ಅವಳನ್ನು ಕೆಡವಿ ಸುತ್ತಿದರು. ನಾನು ಬಸ್ಸಿಳಿದು ಬರುವಷ್ಟರಲ್ಲಿ ಟೆಂಪೋ ಹೋಗಿಯಾಗಿತ್ತು. ಅವಳ ಮನೆ ಬಾಗಿಲ ಮುಂದಿನ ಚಪ್ಪಡಿಗೆ ಸೀರೆ ಕರಗಿ ಅಂಟಿತ್ತು, ಅದರ ಜೊತೆ ಅಂಟಿದ್ದು ಸೀರೆಯಷ್ಟೇ ಆಗಿರಲಿಲ್ಲ. ಆ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಅಕ್ಕನ ಎರಡೂ ಅಂಗೈ ಸುಲಿದುಹೋಗಿದ್ದವು.

ಆ ಹೆಣ್ಣು ತುಮಕೂರಿನ ಆಸ್ಪತ್ರೆಯಲ್ಲಿ ನಾಲ್ಕು ದಿನ ಬದುಕಿದ್ದಳು. ಬಾಣಂತಿಯ ಸ್ನಾನಕ್ಕೆ ಹಂಡೆಯ ಒಲೆ ಹಚ್ಚುವಾಗ ಹಸಿ ಸೌದೆಗೆ ಪೆಟ್ರೋಲು ಸುರಿದೆ, ಹೊತ್ತಿಕೊಂಡಿತು ಎಂದು ಹೇಳಿಕೆ ಕೊಟ್ಟು ಸತ್ತಳು. ಮಗಳು ಇನ್ನೂ ಅದೇ ಮನೆಯಲ್ಲಿರುವಾಗ ಬೇರೆ ಏನು ಹೇಳುತ್ತಾಳೆ ಎಂದರು ಅಕ್ಕ.

ವಾರದ ಮೇಲೆ ಪುಟ್ಟಿ ಅಂಗನವಾಡಿಗೆ ಬಂದಳು. ಸೀದಾ ಹೋಗಿ ಗೊಂಬೆಯ ಜುಟ್ಟು ಹಿಡಿದಳು. ಎಳೆದಳು, ಗೋಡೆಗೆ ಕುಕ್ಕಿದಳು, ಬಾಟಲಿ ಸುರಿದಳು, ಮೂಗು ಹಿಡಿದು ಕೈ ಆಡಿಸಿದಳು. ಈ ಸಲ ಇನ್ನೊಂದು ಸೇರಿತ್ತು. ಗೊಂಬೆಯನ್ನು ಬಾಗಿಲಿಂದಾಚೆಗೆ ಎಸೆದು, ಕಿವಿ ಮುಚ್ಚಿಕೊಂಡು ನಿಂತಳು. ಅಕ್ಕ ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನೆಲದಲ್ಲಿ ಕೂತಿದ್ದರು. ಕಿಟಕಿಯತ್ತ ತಿರುಗಿದರು.

"ಜುಟ್ಟು ಹಿಡ್ದು ಎಳೆದಿದ್ದು, ಅವತ್ತೂ ಮಾಡಿದ್ಲಾ?"

ಹೌದು ಎಂದೆ. ಆಕೆ ಸುಟ್ಟ ಕೈಯಿಂದಲೇ ಹಣೆ ಹಣೆ ಚಚ್ಚಿಕೊಂಡರು. ಬ್ಯಾಂಡೇಜು ಕೆಂಪಾಯಿತು. ನಾಲ್ಕು ವರ್ಷದ ಮಗು, ಅವಳಪ್ಪ ಅವಳಮ್ಮನ ಮೇಲೆ ಪೆಟ್ರೋಲು ಸುರಿದು ಕಡ್ಡಿ ಗೀರಿ ಸುತ್ತ ಆಡಿಸಿ ಹೆದರಿಸಿದ್ದನ್ನು ಮೂರು ದಿನ ಮೊದಲೇ ಬಂದು ಒಪ್ಪಿಸಿತ್ತು. ನಾವಿಬ್ಬರು ದೊಡ್ಡವರು ನಕ್ಕಿದ್ದೆವು.

ಅವತ್ತೇ ಮಧ್ಯಾಹ್ನ ಅಕ್ಕ ಪೊಲೀಸ್ ಠಾಣೆಗೆ ಹೋದರು. ಮಗುವನ್ನು ಪಾವಗಡದ ಕಡೆಯ ಅಜ್ಜಿಯ ಮನೆಗೆ ಸೇರಿಸುವವರೆಗೆ ಮನೆಗೆ ಹೋಗಿ ಮಲಗಲಿಲ್ಲ. ಕೇಸಾಯಿತು. ಮಗುವಿನ ಹೇಳಿಕೆ ಬರೆದುಕೊಂಡರು. ಅಪ್ಪ ಅಮ್ಮನ ಮೇಲೆ ಸುರಿದದ್ದು ಯಾವಾಗ ಎಂದು ಕೇಳಿದ್ದಕ್ಕೆ ಪುಟ್ಟಿ ನಾಳೆ ಎಂದಳು. ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡಿದ್ದರು.

ಎರಡು ವರ್ಷದ ಮೇಲೆ ವಿಚಾರಣೆಗೆ ಬಂದಾಗ ಅಪ್ಪನ ಕಡೆಯ ವಕೀಲರು ಆ ಸಾಲನ್ನು ಎರಡು ಸಲ ಓದಿದರು. ನಾಳೆ ಆಗುವ ಕೊಲೆಗೆ ಇವತ್ತು ಕೇಸು ಎಂದರು. ಹಿಂದಿನ ಬೆಂಚಿನಲ್ಲಿ ಕೆಲವರು ನಕ್ಕರು. ಅಕ್ಕ ಕಟಕಟೆಯಲ್ಲಿ ನಿಂತು, ಆ ವಯಸ್ಸಿನ ಮಕ್ಕಳ ನಾಳೆ ಎಂದರೆ ಏನೆಂದು ತಮಗೆ ತಿಳಿದ ಮಟ್ಟಿಗೆ ವಿವರಿಸಿದರು. ಎಷ್ಟು ಓದಿದ್ದೀಯಮ್ಮ ಎಂದು ವಕೀಲರು ಕೇಳಿದರು. ಹೇಳಿದರು. ಆ ಆಟ ನೋಡಿದ ದಿನ ಅದು ಬಾಣಂತಿಯ ಸ್ನಾನ ಎಂದು ನೀನೇ ಅಂದಿದ್ದೆಯಲ್ಲವೇ ಎಂದು, ಊರಲ್ಲಿ ಹಬ್ಬಿದ್ದ ಮಾತು ಹಿಡಿದು ಪ್ರಶ್ನೆ ಬಂತು. ಇಲ್ಲ ಎಂದುಬಿಟ್ಟಿದ್ದರೆ ಕೇಸು ಉಳಿಯುತ್ತಿತ್ತು, ಅಲ್ಲಿ ಇದ್ದದ್ದು ನಾವಿಬ್ಬರೇ.

"ಹೂ ಸ್ವಾಮಿ, ಅಂದಿದ್ದೆ. ತಪ್ಪು ತಿಳ್ಕಂಡೆ. ಅವ್ಳು ಜುಟ್ಟು ಹಿಡ್ದು ಗೋಡೆಗೆ ಕುಕ್ಕಿದ್ದು ನಾನು ನೋಡ್ಲಿಲ್ಲ. ಮೇಷ್ಟ್ರು ನೋಡವ್ರೆ, ಅವರನ್ನ ಕೇಳಿ."

ನನ್ನ ಸರದಿ ಮಾರನೇ ದಿನ. ಅದಕ್ಕೆ ಒಂದು ವಾರ ಮೊದಲು ಸಂಜೆ ಪುಟ್ಟಿಯ ದೊಡ್ಡಪ್ಪ ಮೂವರನ್ನು ಕರೆದುಕೊಂಡು ಮಧುಗಿರಿಯ ನನ್ನ ಬಾಡಿಗೆ ಮನೆಗೆ ಬಂದಿದ್ದ. ನನ್ನನ್ನು ಮೆಟ್ಟಿಲ ಕೆಳಗಿನ ಗೋಡೆಗೆ ಒತ್ತಿ, ಮುಂಗೈಯನ್ನು ಗಂಟಲಿಗೆ ಅಡ್ಡ ಕೊಟ್ಟು, ಉಸಿರು ಸಿಕ್ಕಿಕೊಳ್ಳುವವರೆಗೆ ಹಿಡಿದು ಆಮೇಲೆ ಬಿಟ್ಟ. ನಿಮ್ಗೂ ಮಗಳವ್ಳೆ ಮೇಷ್ಟ್ರೇ ಎಂದಷ್ಟೇ ಹೇಳಿದ. ನನ್ನ ಮಗಳಿಗೆ ಆಗ ಮೂರು ವರ್ಷ, ಮೆಟ್ಟಿಲ ಮೇಲೆ ಕೂತು ಚಕ್ಕುಲಿ ತಿನ್ನುತ್ತಿದ್ದಳು. ಅವಳು ನೋಡಿದಳೋ ಇಲ್ಲವೋ ಎಂದು ನಾನು ಯಾವತ್ತೂ ಕೇಳಲಿಲ್ಲ.

ಕಟಕಟೆಯಲ್ಲಿ ನಾನು ಹೇಳಿದ ಮಾತು ಇಷ್ಟೇ. ನಾನು ಪಾಠ ಮಾಡುತ್ತಿದ್ದೆ, ಕಿಟಕಿಯ ಕಡೆ ನೋಡಲಿಲ್ಲ. ಪುಟ್ಟಿಯ ಅಪ್ಪ ಬಿಡುಗಡೆಯಾದ. ನ್ಯಾಯಾಲಯದ ತಪ್ಪೇನೂ ಇಲ್ಲ, ಅವರ ಮುಂದೆ ಇಟ್ಟದ್ದರ ಮೇಲೆ ಅವರು ತೀರ್ಮಾನ ಮಾಡಿದರು.

ತೀರ್ಪಿನ ದಿನ ಅಕ್ಕ ಮತ್ತು ನಾನು ಒಂದೇ ಬಸ್ಸಿಗೆ ಕಾಯುತ್ತಿದ್ದೆವು. ಆಕೆ ಬೈಯುತ್ತಾರೆ, ಕೆನ್ನೆಗೆ ಹೊಡೆಯುತ್ತಾರೆ ಎಂದು ಕಾದೆ. ಹೊಡೆದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆಕೆ ಅಂಗೈಯ ಗಂಟುಗಟ್ಟಿದ ಚರ್ಮವನ್ನು ಉಜ್ಜಿಕೊಳ್ಳುತ್ತ ಕೂತಿದ್ದರು.

"ಮಕ್ಳು ಸುಳ್ಳು ಹೇಳೋದು ಯಾವಾಗ ಕಲೀತವೆ ಗೊತ್ತಾ ಮೇಷ್ಟ್ರೇ? ನಿಜ ಹೇಳಿದ್ರೆ ಹೊಡೀತಾರೆ ಅಂತ ಗೊತ್ತಾದ ದಿವ್ಸ."

ನನಗೆ ಹಾಲಿನ ಲೋಟದ ಹುಡುಗ ನೆನಪಾದ. ನಾನು ಅಷ್ಟು ಹೊಡೆದರೂ ಅವನು ತನಗೆ ಕಂಡದ್ದನ್ನು ಬಿಟ್ಟುಕೊಟ್ಟಿರಲಿಲ್ಲ. ಐದೂವರೆ ವರ್ಷದವನು. ಬಸ್ಸು ಬಂತು, ನಾನು ಹಿಂದಿನ ಸೀಟಿಗೆ ಹೋಗಿ ಕೂತೆ.

ಬಿಡುಗಡೆಯಾದ ಅಪ್ಪ ಸುಮ್ಮನಿರಲಿಲ್ಲ. ಮಗಳು ನನ್ನವಳು, ಕರೆತರುತ್ತೇನೆ ಎಂದು ಅಣ್ಣನೊಡನೆ ಅಜ್ಜಿಯ ಊರಿಗೆ ಹೊರಟ. ಸುದ್ದಿ ತಿಳಿದು ಅಕ್ಕ ಮೊದಲ ಬಸ್ಸಿಗೆ ಪಾವಗಡಕ್ಕೆ ಹೊರಟರು. ಹೊರಡುವ ಮುಂಚೆ ನನಗೆ ಫೋನ್ ಮಾಡಿ, ಬರ್ತೀರಾ ಎಂದರು. ಮೀಟಿಂಗ್ ಇದೆ ಎಂದೆ. ಅವತ್ತು ಯಾವ ಮೀಟಿಂಗೂ ಇರಲಿಲ್ಲ.

ಅಲ್ಲಿ ನಡೆದದ್ದನ್ನು ನನಗೆ ಆಮೇಲೆ ಹೇಳಿದ್ದು ಅಜ್ಜಿ. ಅಕ್ಕ ಬಾಗಿಲಿಗೆ ಅಡ್ಡಲಾಗಿ ಹೊಸ್ತಿಲ ಮೇಲೆ ಕೂತಿದ್ದರಂತೆ, ಎರಡು ಕೈಯಲ್ಲೂ ಬಾಗಿಲ ಚೌಕಟ್ಟು ಹಿಡಿದು. ಪುಟ್ಟಿಯ ಅಪ್ಪ ಅವರ ಜುಟ್ಟು ಹಿಡಿದು ಎಳೆದ. ಬರಲಿಲ್ಲ. ತಲೆಯನ್ನು ಬಾಗಿಲಿನ ಕಲ್ಲಿಗೆ ಕುಕ್ಕಿದ. ಮೂರನೇ ಸಲಕ್ಕೆ ಎರಡು ಹಲ್ಲು ಹೊಸ್ತಿಲಿನಾಚೆ ಬಿದ್ದವು, ಎಡಗಿವಿಯಿಂದ ರಕ್ತ ಬಂತು, ಕೈ ಬಿಡಲಿಲ್ಲ. ಅಷ್ಟರಲ್ಲಿ ಬೀದಿಯ ಹೆಂಗಸರು ಒನಕೆ, ಪೊರಕೆ, ಕೈಗೆ ಸಿಕ್ಕಿದ್ದು ಹಿಡಿದು ಬಂದರು. ಅಣ್ಣತಮ್ಮಂದಿರನ್ನು ಬಸ್ಸು ನಿಲ್ಲುವ ಜಾಗದವರೆಗೆ ಹೊಡೆದುಕೊಂಡು ಹೋದರು. ಚಂಪೇಸೇವಾಳ್ಳಮು, ಆ ತಾಯಿ ಬೇಡ ಅಂದಳು ಅಂತ ಬಿಟ್ಟೆವು ಎಂದಳು ಅಜ್ಜಿ, ಕೊಂದೇಬಿಡುತ್ತಿದ್ದೆವು ಎಂಬುದನ್ನು ತನ್ನ ತೆಲುಗಿನಲ್ಲಿ ಹೇಳುತ್ತ.

ಆ ಹೊಡೆತದ ಕೇಸಿಗೆ ಸಾಕ್ಷಿಗಳು ಬೇಕಾದಷ್ಟಿದ್ದರು. ಅವನಿಗೆ ಶಿಕ್ಷೆಯಾಯಿತು, ಪುಟ್ಟಿ ಅಜ್ಜಿಯ ಬಳಿ ಉಳಿದಳು. ನನ್ನ ನಾಲಿಗೆ ಮಾಡದ ಕೆಲಸವನ್ನು ಅಕ್ಕನ ಎರಡು ಹಲ್ಲು ಮಾಡಿದವು. ನಾನು ಆಸ್ಪತ್ರೆಗೆ ಮೂಸಂಬಿ ಹಿಡಿದು ಹೋದಾಗ ಆಕೆ ಊದಿದ ಬಾಯಲ್ಲೇ ನಕ್ಕರು.

"ಜುಟ್ಟು ಹಿಡ್ದಿದ್ದನ್ನ ಈ ಸಲ ಊರೇ ನೋಡ್ತು ಬುಡಿ ಮೇಷ್ಟ್ರೇ."

ಮೂಸಂಬಿ ಮಂಚದ ಮೇಲಿಟ್ಟು ಓಡಿ ಬಂದೆ. ಮುಂದಿನ ವರ್ಷ ವರ್ಗ ಕೇಳಿಕೊಂಡು ಬರಗೂರಿನ ಕಡೆಯ ಒಂದು ಶಾಲೆಗೆ ಹೋದೆ. ಅಲ್ಲಿಂದೀಚೆಗೆ ಮಕ್ಕಳಿಗೆ ಹೊಡೆದೇ ಇಲ್ಲ ಎಂದರೆ ಸುಳ್ಳಾಗುತ್ತದೆ, ಎರಡು ಸಲ ಹೊಡೆದಿದ್ದೇನೆ. ಎರಡೂ ಸಲ ಕೈ ಎತ್ತಿದ ಮೇಲೆ ಪಕ್ಕದ ಗೋಡೆಯಲ್ಲಿ ಕಿಟಕಿ ಇದೆಯೇ ಎಂದು ನೋಡಿದೆ.

ಅಕ್ಕ ಅರವತ್ತು ತುಂಬುವವರೆಗೂ ಅದೇ ಕೋಣೆಯಲ್ಲಿ ಬೀನ್ಸ್ ಬಿಡಿಸುತ್ತ ಕೂತಿದ್ದರಂತೆ. ಆದರೆ ಮಕ್ಕಳ ಆಟ ನೋಡಿ ನಗುವುದನ್ನು ಬಿಟ್ಟಿದ್ದರು, ಎಂಥ ತಮಾಷೆಯ ಆಟವಾದರೂ. ನಿವೃತ್ತಿಯಾದ ಎರಡನೇ ವರ್ಷಕ್ಕೆ, ಹೋದ ತಿಂಗಳು, ಮೂರು ದಿನದ ಜ್ವರದಲ್ಲಿ ಹೋದರು. ಅವರ ಮಗಳು ಫೋನ್ ಮಾಡಿದಳು. ಮಣ್ಣಿಗೆ ಹೋಗುವ ಧೈರ್ಯವಾಗಲಿಲ್ಲ, ತಿಥಿಗೆ ಹೋದೆ.

ಅಲ್ಲಿ ಪುಟ್ಟಿ ಬಂದಿದ್ದಳು. ಹದಿನೈದು ವರ್ಷ, ಪಾವಗಡದಲ್ಲಿ ಹತ್ತನೇ ತರಗತಿ, ಎರಡು ಜಡೆ, ಅಮ್ಮನದೇ ಮೆತ್ತನೆಯ ದನಿ. ಊಟವಾದ ಮೇಲೆ ನನ್ನ ಹತ್ತಿರ ಬಂದು, ಹಳೇ ಅಂಗನವಾಡಿ ತೋರಿಸ್ತೀರಾ ಸಾರ್ ಎಂದಳು. ಅಂಗನವಾಡಿಗೆ ಈಗ ಹೊಸ ಕಟ್ಟಡವಾಗಿದೆ. ಹಳೆಯ ಕೋಣೆಯಲ್ಲಿ ಮುರಿದ ಬೆಂಚು ತುಂಬಿದ್ದಾರೆ. ಅವಳು ಬೆಂಚುಗಳ ನಡುವೆ ದಾರಿ ಮಾಡಿಕೊಂಡು ಹೋಗಿ ಕಿಟಕಿಯ ಎದುರು ನಿಂತಳು. ನಾನು ಬಾಗಿಲಲ್ಲೇ ನಿಂತೆ.

"ನೀವು ಆ ಕಡೆ ನಿಂತಿದ್ರಿ ಸಾರ್, ಸರಳು ಹಿಡ್ಕೊಂಡು," ಎಂದಳು. "ನಾನು ಆಟ ಆಡ್ತಾ ಇರ್ಲಿಲ್ಲ. ನಿಮಗೆ ತೋರಿಸ್ತಾ ಇದ್ದೆ. ನೀವು ನಕ್ರಿ. ಗೊತ್ತಾಗ್ಲಿಲ್ಲ ಅಂದ್ಕೊಂಡು ಅಕ್ಕ ಬಂದ್ಮೇಲೆ ಇನ್ನೊಂದ್ಸಲ ಮಾಡ್ದೆ. ಅವ್ರೂ ನಕ್ರು."

ಒಂದು ಮುರಿದ ಬೆಂಚಿನ ತುದಿ ಹಿಡಿದುಕೊಂಡೆ. ಹನ್ನೊಂದು ವರ್ಷದಿಂದ ನಾನು, ಮಗು ಕಂಡದ್ದನ್ನು ಸುಮ್ಮನೆ ಆಡುತ್ತಿತ್ತು, ಅದಕ್ಕೇನು ಗೊತ್ತು ಎಂದುಕೊಂಡೇ ಬದುಕಿದ್ದೆ. ಅಷ್ಟನ್ನು ಅವಳು ನಿಂತ ಜಾಗದಲ್ಲೇ ಕಿತ್ತುಕೊಂಡಳು.

ಅವಳು ತಿರುಗಿ ನೋಡಿದಳು. ಕೋಪವಿರಲಿಲ್ಲ.

"ಕೋರ್ಟಲ್ಲಿ ನೋಡ್ಲಿಲ್ಲ ಅಂದ್ರಂತೆ. ಯಾಕೆ ಅಂತ ಅಕ್ಕನ್ನ ಕೇಳಿದ್ದೆ. ಮೇಷ್ಟ್ರಿಗೆ ಅವತ್ತು ಹೆದರಿಕೆ ಆಗಿತ್ತು, ಇನ್ನಷ್ಟು ವರ್ಷ ಬುಟ್ಟು ಕೇಳು, ಸರಿಯಾಗಿ ಹೇಳ್ತಾರೆ ಅಂದಿದ್ರು." ಕಿಟಕಿಯ ಸರಳಿನ ಮೇಲೆ ಕೈಯಿಟ್ಟಳು. "ನೋಡಿದ್ರಾ ಸಾರ್?"

"ನೋಡಿದೆ," ಎಂದೆ. "ಜುಟ್ಟು ಹಿಡಿದದ್ದೂ ನೋಡಿದೆ, ಗೋಡೆಗೆ ಕುಕ್ಕಿದ್ದೂ ನೋಡಿದೆ."

ಅವಳು ತಲೆಯಾಡಿಸಿದಳು. ಹೊರಗೆ ಅಜ್ಜಿ ಬಸ್ಸಿಗೆ ಹೊತ್ತಾಯಿತೆಂದು ಕರೆಯುತ್ತಿದ್ದಳು.